ವಿಡಿಯೋ ಕೆಟ್ಟಿಲ್ಲ, ಒಳಗೇನಿದೆ ನೋಡಿ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಜಾಸ್ತಿ ಜನ ಲಿನಕ್ಸ್‌ಗೆ ಹೊಸಬರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಗಟ್ಟಿಮುಟ್ಟಾಗಿರುವ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಲು ಮನಸ್ಸಾಗದೆ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಹಾಕಿಸಿಕೊಂಡಿದ್ದೀರಿ. ಬ್ರೌಸರ್ ತೆರೆಯುತ್ತದೆ, ಪತ್ರ ಟೈಪ್ ಮಾಡಬಹುದು, ಎಲ್ಲ ಸರಿ. ಒಂದು ದಿನ ಪೆನ್‌ಡ್ರೈವ್ ಹಾಕಿ ಒಂದು ವಿಡಿಯೋ ಒತ್ತುತ್ತೀರಿ. ಪರದೆ ಕಪ್ಪಗೇ ಇರುತ್ತದೆ.

ನಮ್ಮ ಪಕ್ಕದ ಮನೆಯ ಅಕ್ಕನಿಗೂ ಹೀಗೇ ಆಯಿತು. ಅವರ ಲ್ಯಾಪ್‌ಟಾಪಿಗೆ ಫೆಡೋರಾ ಅನ್ನುವ ಲಿನಕ್ಸ್ ಹಾಕಿಕೊಟ್ಟಿದ್ದು ನಾನೇ. ಮೊಮ್ಮಗುವಿನ ನಾಮಕರಣದ ವಿಡಿಯೋ ಪೆನ್‌ಡ್ರೈವ್‌ನಲ್ಲಿತ್ತು. ಒತ್ತಿದರೆ ಜೋಗುಳ ಕೇಳಿಸುತ್ತದೆ, ಚಿತ್ರವೇ ಇಲ್ಲ. ಹಾಡಿದ್ದು ಅವರ ಅತ್ತೆ. ಆ ಹೊತ್ತಿಗೆ ಅತ್ತೆ ತೀರಿಹೋಗಿದ್ದರು. ಫೋನಿನಲ್ಲಿ ಜಾಗ ಸಾಲದೆ ಅಲ್ಲಿಂದ ಅಳಿಸಿಯೂ ಆಗಿತ್ತು. "ಫೈಲೇ ಕೆಟ್ಟುಹೋಗಿದೆ ಕಣಪ್ಪಾ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿಬಿಡ್ತೀನಿ" ಅಂದರು. ನಾನು ಓಡಿಹೋಗಿ ತಡೆದೆ. ಫೈಲಿಗೆ ಏನೂ ಆಗಿರಲಿಲ್ಲ. ಇವತ್ತು ನಾನು ಇಲ್ಲಿ ನಿಂತು ಮಾತಾಡುವುದಕ್ಕೆ ಆ ಮಧ್ಯಾಹ್ನವೇ ಕಾರಣ. ಓಡದ ವಿಡಿಯೋ ಅಂದರೆ ಕೆಟ್ಟ ವಿಡಿಯೋ ಅಂತ ಅಳಿಸಬೇಡಿ. ಒಳಗೇನಿದೆ ಅಂತ ಮೊದಲು ನೋಡಿ.

ನಮ್ಮ ಅಡುಗೆಮನೆಗಳಲ್ಲಿ ಹಳೆಯ ಹಾರ್ಲಿಕ್ಸ್ ಬಾಟಲಿ ಇರುತ್ತದೆ. ಚೀಟಿ ಹಾರ್ಲಿಕ್ಸ್‌ನದು, ಒಳಗಿರುವುದು ಸಾಸಿವೆ. ಎಂಪಿ4, ಎಂಕೆವಿ, ಎವಿಐ ಅನ್ನುವುದೆಲ್ಲ ಬಾಟಲಿಯ ಹೆಸರು. ಒಳಗೆ ಚಿತ್ರ ಒಂದು ರೀತಿ, ದನಿ ಇನ್ನೊಂದು ರೀತಿ ಒತ್ತಿ ತುಂಬಿರುತ್ತಾರೆ. ಹಾಗೆ ಒತ್ತುವ, ಮತ್ತೆ ಬಿಡಿಸುವ ವಿಧಾನಕ್ಕೆ ಕೋಡೆಕ್ ಅನ್ನುತ್ತಾರೆ. ಎಂಪಿ4 ಬಾಟಲಿಯೊಳಗೆ 2003ರ ಎಚ್ 264 ಅನ್ನುವ ಕೋಡೆಕ್ ಇರಬಹುದು, 2013ರ ಎಚ್ 265 ಇರಬಹುದು, 2018ರ ಎವಿ1 ಕೂಡ ಇರಬಹುದು. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ. ಅಕ್ಕನ ವಿಡಿಯೋದಲ್ಲಿ ಚಿತ್ರ ಎಚ್ 265, ದನಿ ಎಎಸಿ ಅನ್ನುವ ಕೋಡೆಕ್. ಫೆಡೋರಾಕ್ಕೆ ಎಎಸಿ ಬಿಡಿಸಲು ಗೊತ್ತಿತ್ತು, ಎಚ್ 265 ಗೊತ್ತಿರಲಿಲ್ಲ. ಅದಕ್ಕೇ ಹಾಡು ಬಂತು, ಮಗು ಬರಲಿಲ್ಲ. ಈಗಿನ ಅನೇಕ ಫೋನ್‌ಗಳು ಜಾಗ ಉಳಿಸಲು ಎಚ್ 265ರಲ್ಲೇ ರೆಕಾರ್ಡ್ ಮಾಡುತ್ತವೆ. ಹಾಗಾಗಿ ಈ ತೊಂದರೆ ಸಿನಿಮಾ ಫೈಲಿಗಿಂತ ಮನೆಯ ವಿಡಿಯೋಗಳಲ್ಲೇ ಎದುರಾಗಬಹುದು.

ಇಷ್ಟು ಒಳ್ಳೆಯ ವ್ಯವಸ್ಥೆಯಲ್ಲಿ ಇದೊಂದು ಯಾಕಿಲ್ಲ ಅಂತ ಕೇಳುತ್ತೀರಿ, ಅಲ್ವಾ? ಬರೆಯಲು ಬರದೆ ಅಲ್ಲ. ಎಚ್ 264, ಎಚ್ 265 ಎರಡರ ಮೇಲೂ ಪೇಟೆಂಟ್‌ಗಳಿವೆ. ಬಳಸುವ ಕಂಪನಿ ಹಣ ಕಟ್ಟಬೇಕು. ಉಚಿತವಾಗಿ ಹಂಚುವ ತಂಡ ಯಾರಿಗೆ ಅಂತ ಕಟ್ಟೀತು? ಫೆಡೋರಾದ ಬೆನ್ನಿಗಿರುವ ರೆಡ್ ಹ್ಯಾಟ್ ಅಮೆರಿಕದ ಕಂಪನಿ. ಅಲ್ಲಿ ಸಾಫ್ಟ್‌ವೇರ್ ಪೇಟೆಂಟ್ ಮೊಕದ್ದಮೆ ಸಣ್ಣ ಮಾತಲ್ಲ. ಅದಕ್ಕೆ ಅವರು ಇಂಥ ಕೋಡೆಕ್‌ಗಳನ್ನು ಹೊರಗಿಟ್ಟಿದ್ದಾರೆ. ಎಂಪಿ3 ಕೂಡ ಹೀಗೇ ಹೊರಗಿತ್ತು. ಅದರ ಪೇಟೆಂಟ್ ಗೋಳು ಮುಗಿಯುತ್ತಾ ಬಂದಂತೆ 2016-17ರಲ್ಲಿ ಒಳಗೆ ಬಂತು. ಇದೇ ಕಾರಣಕ್ಕೆ ವಿಕಿಪೀಡಿಯಕ್ಕೆ ಚಿತ್ರ, ವಿಡಿಯೋ ಒದಗಿಸುವ ವಿಕಿಮೀಡಿಯ ಕಾಮನ್ಸ್ ಎಂಪಿ4 ತೆಗೆದುಕೊಳ್ಳುವುದಿಲ್ಲ. ಕನ್ನಡ ವಿಕಿಪೀಡಿಯಕ್ಕೆಂದು ಜಾತ್ರೆಯ ವಿಡಿಯೋ ತೆಗೆದವರು ಅದನ್ನು ವೆಬ್‌ಎಂನಂಥ ಮುಕ್ತ ರೂಪಕ್ಕೆ ಬದಲಿಸಿಯೇ ಏರಿಸಬೇಕು. ಸ್ವಲ್ಪ ಕಷ್ಟ ಅನಿಸಬಹುದು. ಆದರೆ ನೋಡುವ ಹಕ್ಕಿಗೆ ಯಾರೂ ಸುಂಕ ಕೇಳಬಾರದು ಅನ್ನುವ ಅವರ ಹಟ ನನಗೆ ಇಷ್ಟ.

ಈಗ ಕೆಲಸಕ್ಕೆ ಬರೋಣ.

ಮಿಂಟ್ ಅನ್ನುವ ಲಿನಕ್ಸ್ ಹಾಕಿಕೊಳ್ಳುವಾಗ ಮಲ್ಟಿಮೀಡಿಯಾ ಕೋಡೆಕ್ ಬೇಕಾ ಅಂತ ಒಂದು ಚೌಕ ಬರುತ್ತದೆ. ಟಿಕ್ ಮಾಡಿ, ಮುಗಿಯಿತು. ಉಬುಂಟು ಅನ್ನುವ ಇನ್ನೊಂದು ಲಿನಕ್ಸ್‌ನಲ್ಲೂ ಅಂಥದೇ ಚೌಕವಿದೆ. ಆಗ ಬಿಟ್ಟಿದ್ದರೆ ಈಗ ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ, ತೆರೆಯಿರಿ. ಸುಡೋ ಆಪ್ಟ್ ಇನ್‌ಸ್ಟಾಲ್, ಆಮೇಲೆ ಉಬುಂಟು ರೆಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್. ಕೊನೆಯ ಮೂರು ಪದಗಳ ನಡುವೆ ಜಾಗ ಬಿಡಬೇಡಿ, ಅಡ್ಡಗೆರೆ ಹಾಕಿ.

ಇಲ್ಲಿ ಒಂದು ಜಾಗ ಇದೆ, ಹೊಸಬರು ಸಿಕ್ಕಿಬೀಳುವುದು ಅಲ್ಲೇ. ಅರ್ಧ ದಾರಿಯಲ್ಲಿ ಟರ್ಮಿನಲ್ ತುಂಬ ಬಣ್ಣ ಬದಲಾಗಿ ಉದ್ದನೆಯ ಒಪ್ಪಂದವೊಂದು ಕಾಣಿಸುತ್ತದೆ. ಅದು ಮೈಕ್ರೋಸಾಫ್ಟ್ ಫಾಂಟ್‌ಗಳದು. ವಿಡಿಯೋಗೂ ಅದಕ್ಕೂ ಸಂಬಂಧವಿಲ್ಲ, ಅದೇ ಗಂಟಿನಲ್ಲಿ ಅದೂ ಇದೆ ಅಷ್ಟೇ. ಕೆಳಗೆ ಓಕೆ ಅಂತ ಇರುತ್ತದೆ. ಮೌಸಿನಲ್ಲಿ ಎಷ್ಟು ಒತ್ತಿದರೂ ಅದು ಅಲುಗಾಡುವುದಿಲ್ಲ. ಎಂಟರ್ ಒತ್ತಿದರೂ ಏನೂ ಆಗದಿರಬಹುದು. ಹೆದರಿ ಕಿಟಕಿ ಮುಚ್ಚಬೇಡಿ. ಟ್ಯಾಬ್ ಕೀ ಒಂದು ಸಲ ಒತ್ತಿ. ಓಕೆಗೆ ಬಣ್ಣ ಬರುತ್ತದೆ. ಈಗ ಎಂಟರ್. ಮುಂದಿನ ಪರದೆಯಲ್ಲಿ ಯೆಸ್ ಮೇಲೆ ಹೋಗಿ ಮತ್ತೆ ಎಂಟರ್.

ಫೆಡೋರಾದವರು ಮೊದಲು ಆರ್‌ಪಿಎಂ ಫ್ಯೂಷನ್ ಅನ್ನುವ ತಂತ್ರಾಂಶಗಳ ಭಂಡಾರವನ್ನು ಸೇರಿಸಿಕೊಳ್ಳಬೇಕು. ಅವರ ತಾಣದಲ್ಲೇ ವಿಧಾನ ಇದೆ. ಆಮೇಲೆ ಎಫ್‌ಎಫ್‌ಎಂಪೆಗ್ ಫ್ರೀ ಅನ್ನುವುದನ್ನು ತೆಗೆದು ಪೂರ್ತಿ ಎಫ್‌ಎಫ್‌ಎಂಪೆಗ್ ಹಾಕಬೇಕು. ಅದಕ್ಕೆ ಫೆಡೋರಾದಲ್ಲಿ ತಂತ್ರಾಂಶ ಹಾಕುವ ಡಿಎನ್‌ಎಫ್‌ನಲ್ಲಿ ಸ್ವಾಪ್ ಅನ್ನುವ ಆಜ್ಞೆ ಇದೆ, ಜೊತೆಗೆ ಎರಡು ಅಡ್ಡಗೆರೆ ಹಾಕಿ ಅಲೋಇರೇಸಿಂಗ್ ಅಂತ ಒಂದೇ ಪದವಾಗಿ ಸೇರಿಸಿ. ಎಫ್‌ಎಫ್‌ಎಂಪೆಗ್ ಅನ್ನುವುದು 2000ದಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ಡ್ ಶುರು ಮಾಡಿದ ಕೆಲಸ. ಲಿನಕ್ಸ್‌ನ ಬಹುಪಾಲು ಪ್ಲೇಯರ್‌ಗಳು ಗಂಟು ಬಿಡಿಸುವುದು ಇದರ ಕೈಯಿಂದಲೇ. ಅಕ್ಕನ ಲ್ಯಾಪ್‌ಟಾಪಿನಲ್ಲಿ ಇದೊಂದನ್ನು ಬದಲಿಸಿದೆ. ಅದೇ ಪ್ಲೇಯರ್, ಅದೇ ಫೈಲ್. ತೊಟ್ಟಿಲು ಕಂಡಿತು, ಹಸಿರು ಸೀರೆಯ ಅಜ್ಜಿ ಕಂಡರು. ಅಕ್ಕ ಸುಮ್ನೆ ಕೂತು ನೋಡಿದರು, ಏನೂ ಮಾತಾಡಲಿಲ್ಲ.

"ವಿಎಲ್‌ಸಿ ಪ್ಲೇಯರ್ ಹಾಕಿದರೆ ಸಾಲದಾ?" ಅಂತ ನೀವು ಕೇಳಬಹುದು. ಎಷ್ಟೋ ಸಲ ಸಾಕು. 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಕಾಲೇಜಿನ ಹುಡುಗರು ತಮ್ಮ ಕ್ಯಾಂಪಸ್ಸಿನ ಜಾಲದಲ್ಲಿ ವಿಡಿಯೋ ಹರಿಸಲು ಶುರು ಮಾಡಿದ ಯೋಜನೆ ಅದು. 2001ರಲ್ಲಿ ಎಲ್ಲರಿಗೂ ಮುಕ್ತವಾಯಿತು. 2022ರಲ್ಲಿ ನಮ್ಮ ದೇಶದಲ್ಲಿ ಅವರ ತಾಣಕ್ಕೇ ತಡೆ ಬಿದ್ದಿತ್ತು. ತಿಂಗಳುಗಟ್ಟಲೆ ತೆರೆಯಲಿಲ್ಲ, ನವೆಂಬರ್‌ನಲ್ಲಿ ತಡೆ ತೆಗೆದರು. ಆ ದಿನಗಳಲ್ಲೂ ಉಬುಂಟುವಿನವರು ತಮ್ಮ ಭಂಡಾರದಿಂದ ವಿಎಲ್‌ಸಿಯನ್ನು ಎಂದಿನಂತೆ ಹಾಕಿಕೊಳ್ಳಬಹುದಿತ್ತು. ಅದಕ್ಕೇ ಹೇಳುತ್ತೇನೆ, ಎಲ್ಲೆಲ್ಲೋ ಸಿಗುವ ಕೋಡೆಕ್ ಪ್ಯಾಕ್‌ಗಳನ್ನು ಇಳಿಸಬೇಡಿ. ನಿಮ್ಮ ಲಿನಕ್ಸಿನ ಭಂಡಾರದಿಂದಲೇ ತನ್ನಿ.

ಚಿತ್ರ ಬಂದರೂ ತಡವರಿಸಿ ತಡವರಿಸಿ ಓಡುವುದು ಬೇರೆ ರೋಗ. ಕೋಡೆಕ್ ಇದೆ, ಯಂತ್ರಕ್ಕೆ ಶಕ್ತಿ ಸಾಲದು. ಗ್ರಾಫಿಕ್ಸ್ ಚಿಪ್ ತಾನೇ ಬಿಡಿಸಿದರೆ ಪ್ರೊಸೆಸರ್‌ಗೆ ಹೊರೆ ಇಲ್ಲ. ಇಂಟೆಲ್‌ನಲ್ಲಿ 4ನೇ ತಲೆಮಾರಿನ ಚಿಪ್ ಎಚ್ 264ನ್ನು ಆರಾಮಾಗಿ ಬಿಡಿಸುತ್ತದೆ. ಎಚ್ 265 ಸರಿಯಾಗಿ ಬೇಕಾದರೆ 6ನೇ ತಲೆಮಾರು, ಅದರಲ್ಲೂ ಬಣ್ಣದ ಛಾಯೆಗಳು ಹೆಚ್ಚಿರುವ 10 ಬಿಟ್ ವಿಡಿಯೋ ಆದರೆ 7ನೇ ತಲೆಮಾರು ಬೇಕು. ಎವಿ1ಕ್ಕೆ 11. ನಿಮ್ಮ ಚಿಪ್ಪಿಗೆ ಏನೇನು ಬರುತ್ತದೆ ಅಂತ ವಿಎಇನ್ಫೋ (vainfo) ಅನ್ನುವ ಆಜ್ಞೆ ತಿಳಿಸುತ್ತದೆ. ಚಿಪ್ ಹಳೆಯದಾದರೆ ಹ್ಯಾಂಡ್‌ಬ್ರೇಕ್ ಅನ್ನುವ ತಂತ್ರಾಂಶದಲ್ಲಿ 720ಪಿ, ಎಚ್ 264ಗೆ ಬದಲಿಸಿಕೊಳ್ಳಿ. ರಾತ್ರಿ ಮಲಗುವಾಗ ಹಾಕಿಬಿಟ್ಟರೆ ಬೆಳಿಗ್ಗೆಗೆ ಆಗಿರುತ್ತದೆ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ಬದಲಿಸಿದಾಗ ಚಿತ್ರದ ಗುಣ ಸ್ವಲ್ಪ ಕಮ್ಮಿಯಾಗುತ್ತದೆ, ಅದು ವಾಪಸ್ ಬರುವುದಿಲ್ಲ.

ಕನ್ನಡ ಸಬ್‌ಟೈಟಲ್ ಬಗ್ಗೆ ಒಂದು ಮಾತು. ಅಕ್ಷರದ ಜಾಗದಲ್ಲಿ ಬರೀ ಚೌಕಗಳು ಬಂದರೆ ಫಾಂಟ್ ಇಲ್ಲ ಅಂತ ಅರ್ಥ. ನೋಟೋ ಸಾನ್ಸ್ ಕನ್ನಡ ಹಾಕಿ. ಗುಬ್ಬಿ, ನವಿಲು ಫಾಂಟ್‌ಗಳೂ ಉಬುಂಟುವಿನ ಭಂಡಾರದಲ್ಲಿ ಸಿಗುತ್ತವೆ. ಚೌಕದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಅದನ್ನು ಯೂನಿಕೋಡ್‌ನಲ್ಲಿ ಬರೆದಿಲ್ಲ, ಹಳೆಯ ನುಡಿ ಥರದ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿರಬಹುದು. ಎಷ್ಟು ಫಾಂಟ್ ಹಾಕಿದರೂ ಸರಿಹೋಗದು. ಫೈಲನ್ನೇ ಯೂನಿಕೋಡ್‌ಗೆ ಬದಲಿಸಿ ಯುಟಿಎಫ್ 8ರಲ್ಲಿ ಉಳಿಸಬೇಕು.

ಸರಿ, ಎಲ್ಲರೂ ನಿಮ್ಮ ನಿಮ್ಮ ಪೆನ್‌ಡ್ರೈವ್ ತೆಗೆಯಿರಿ. ಓಡದ ಫೈಲನ್ನು ವಿಎಲ್‌ಸಿಯಲ್ಲಿ ತೆರೆದು ಕಂಟ್ರೋಲ್ ಒತ್ತಿ ಹಿಡಿದು ಜೆ ಒತ್ತಿ. ಕೋಡೆಕ್ ಅಂತ ಒಂದು ಸಾಲು ಕಾಣುತ್ತದೆ. ಅಲ್ಲಿ ಏನಿದೆ ಅಂತ ಓದಿ ಹೇಳಿ, ಒಬ್ಬೊಬ್ಬರದೇ ನೋಡೋಣ.