ಮೂತ್ರದ ತೊಂದರೆ: ವೈದ್ಯರಿಗೆ ಹೇಳಬೇಕಾದ ಮಾತುಗಳು

ಕೇಳುಗರಿಗೆ ನಮಸ್ಕಾರ. ಹಲ್ಲುನೋವು ಬಂದರೆ ಎಲ್ಲರೆದುರಿಗೂ ಹೇಳಿಕೊಳ್ಳುವ ನಾವು, ಮೂತ್ರಕ್ಕೋ ಜನನಾಂಗಕ್ಕೋ ಸಂಬಂಧಿಸಿದ ತೊಂದರೆಯಾದರೆ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಕೊನೆಗೆ ವೈದ್ಯರೆದುರು ಕುಳಿತಾಗಲೂ ‘ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ’ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದಪ್ಪವಾದಾಗಲೂ, ಸೋಂಕು ತಗುಲಿದಾಗಲೂ, ಮೂತ್ರಪಿಂಡದ ಕಲ್ಲು ಕೆಳಕ್ಕಿಳಿದಾಗಲೂ, ಮಧುಮೇಹ ಹತೋಟಿ ತಪ್ಪಿದಾಗಲೂ ರೋಗಿ ಹೇಳುವುದು ಇದೇ ಮಾತನ್ನು. ಚಿಕಿತ್ಸೆ ಮಾತ್ರ ಒಂದೊಂದಕ್ಕೂ ಬೇರೆ.

ಈ ಗಂಟನ್ನು ಬಿಡಿಸಲು ಮೂತ್ರರೋಗ ತಜ್ಞರು ಅನೇಕ ವೇಳೆ ಮೂರು ದಿನಗಳ ಲೆಕ್ಕ ಬರೆದು ತರುವಂತೆ ಹೇಳುತ್ತಾರೆ. ಮಿಲಿಲೀಟರ್ ಗುರುತುಗಳಿರುವ ಅಳತೆಯ ಪಾತ್ರೆಯೊಂದನ್ನು ಶೌಚಾಲಯದಲ್ಲಿಟ್ಟುಕೊಂಡು, ಎಷ್ಟು ಗಂಟೆಗೆ ಎಷ್ಟು ಮೂತ್ರ ಹೋಯಿತು, ತಡೆಯಲಾರದ ಅವಸರವಿತ್ತೇ, ಬಟ್ಟೆ ಒದ್ದೆಯಾಯಿತೇ, ಯಾವಾಗ ಏನನ್ನು ಎಷ್ಟು ಕುಡಿದದ್ದಾಯಿತು ಎಂಬುದನ್ನೆಲ್ಲ ಬರೆಯುತ್ತ ಹೋಗಬೇಕು. ಬೇಸರದ ಕೆಲಸ, ನಿಜ. ಆದರೆ ಇಷ್ಟು ಅಗ್ಗವಾಗಿ ಇಷ್ಟೊಂದು ಹೇಳುವ ಪರೀಕ್ಷೆ ಈ ವಿಭಾಗದಲ್ಲಿ ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ. ಒಬ್ಬರು ದಿನಕ್ಕೆ ಹನ್ನೆರಡು ಸಲ ಹೋಗಿ, ಪ್ರತಿ ಸಲವೂ 100 ಮಿಲಿಲೀಟರಿನ ಆಸುಪಾಸಿನಲ್ಲಿಯೇ ಬರೆದಿದ್ದರೆ, ಮೂತ್ರಕೋಶ ತುಂಬುವ ಮೊದಲೇ ಒತ್ತಾಯ ಮಾಡುತ್ತಿದೆ, ಇಲ್ಲವೇ ಪೂರ್ತಿ ಖಾಲಿಯಾಗುತ್ತಿಲ್ಲ ಎಂದು ಊಹಿಸಬಹುದು. ಅಷ್ಟೇ ಸಲ ಹೋದ ಇನ್ನೊಬ್ಬರ ಪುಟದಲ್ಲಿ 350, 400 ಎಂಬ ಅಂಕಿಗಳಿದ್ದರೆ ಮೂತ್ರವೇ ಹೆಚ್ಚಾಗಿ ತಯಾರಾಗುತ್ತಿದೆ ಎಂದರ್ಥ. ಅವರಿಗೆ ಮೊದಲು ಬೇಕಾಗಿರುವುದು ರಕ್ತದ ಸಕ್ಕರೆಯ ಪರೀಕ್ಷೆ. ಮಲಗಿದ ಮೇಲಿನ ಮೂತ್ರಕ್ಕೆ ಬೆಳಗ್ಗೆ ಎದ್ದೊಡನೆ ಹೋಗುವ ಮೊದಲ ಮೂತ್ರವನ್ನೂ ಕೂಡಿಸಿದಾಗ, ಅದು 24 ಗಂಟೆಗಳ ಮೊತ್ತದಲ್ಲಿ ಮೂರನೆಯ ಒಂದು ಭಾಗವನ್ನು ಮೀರಿದ್ದರೆ, ವಯಸ್ಸಾದವರಲ್ಲಿ ತಪ್ಪನ್ನೆಲ್ಲ ಪ್ರಾಸ್ಟೇಟಿನ ಮೇಲೆ ಹೊರಿಸಲಾಗದು. ಹಗಲಿನಲ್ಲಿ ಕಾಲುಗಳಲ್ಲಿ ತುಂಬಿಕೊಂಡ ನೀರು ಮಲಗಿದಾಗ ರಕ್ತಕ್ಕೆ ಮರಳುವುದು, ಹೃದಯದ ದೌರ್ಬಲ್ಯ, ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಇವೆಲ್ಲ ರಾತ್ರಿ ಎಬ್ಬಿಸುತ್ತವೆ.

ಪ್ರಾಸ್ಟೇಟ್ ಮೂತ್ರಕೋಶದ ಬುಡದಲ್ಲಿ, ಮೂತ್ರದ ದಾರಿಯನ್ನು ಸುತ್ತುವರಿದಿರುವ ಗ್ರಂಥಿ. ಅದರ ಗಾತ್ರಕ್ಕೂ ತೊಂದರೆಯ ತೀವ್ರತೆಗೂ ನೇರ ಸಂಬಂಧವಿಲ್ಲವಾದ್ದರಿಂದ, ಸ್ಕ್ಯಾನ್ ವರದಿಯಲ್ಲಿ ‘ದೊಡ್ಡದಾಗಿದೆ’ ಎಂದಿದ್ದ ಮಾತ್ರಕ್ಕೆ ಹೆದರಬೇಕಾಗಿಲ್ಲ. ದಾರಿಯ ಬಿಗಿತವನ್ನು ಸಡಿಲಿಸುವ ಗುಳಿಗೆಗಳು ಕೆಲವು ದಿನಗಳಲ್ಲಿಯೇ ಗುಣ ತೋರಿಸುತ್ತವೆ. ಮೊದಮೊದಲು ಥಟ್ಟನೆ ಎದ್ದರೆ ತಲೆ ಸುತ್ತಬಹುದು. ಗ್ರಂಥಿಯನ್ನು ಕುಗ್ಗಿಸುವ ಇನ್ನೊಂದು ಬಗೆಯ ಗುಳಿಗೆಗೆ ಆರು ತಿಂಗಳಾದರೂ ಬೇಕು, ಮತ್ತು ಅದು ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ಪಿಎಸ್ಎ ಎಂಬ ರಕ್ತಪರೀಕ್ಷೆಯ ಅಂಕಿಯನ್ನು ಸುಮಾರು ಅರ್ಧಕ್ಕಿಳಿಸುತ್ತದೆ. ಗುಳಿಗೆಯ ವಿಷಯವನ್ನು ವೈದ್ಯರಿಗೆ ತಿಳಿಸದಿದ್ದರೆ, ಹೆಚ್ಚಾಗಿರುವ ಅಂಕಿಯೂ ಸಹಜವೆಂದೇ ಕಾಣಬಹುದು. ಪ್ರಾಸ್ಟೇಟ್ ತೊಂದರೆಯಿರುವವರು ಮೂಗು ಕಟ್ಟಿದಾಗ ತಾವೇ ತಂದು ನುಂಗುವ ಕೆಲವು ಶೀತದ ಮಾತ್ರೆಗಳಿಂದ ಮೂತ್ರ ಪೂರ್ತಿ ಕಟ್ಟಿಹೋಗುವುದುಂಟು. ಕಿಬ್ಬೊಟ್ಟೆ ಉಬ್ಬಿ, ಒಂದು ಹನಿಯೂ ಬಾರದೆ ಒದ್ದಾಡುವಾಗ ಇನ್ನಷ್ಟು ನೀರು ಕುಡಿದು ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಕೊಳವೆ ಹಾಕಿದೊಡನೆ ನೋವು ಇಳಿಯುತ್ತದೆ.

ನೋವಿದ್ದರೆ ಜನ ಆಸ್ಪತ್ರೆಗೆ ಓಡುತ್ತಾರೆ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋದರೆ ‘ಉಷ್ಣ’ ಎಂದು ಸುಮ್ಮನಾಗುತ್ತಾರೆ. ಇದು ತಲೆಕೆಳಗಾದ ಲೆಕ್ಕ. ಮೂತ್ರಕೋಶದ ಕ್ಯಾನ್ಸರಿನ ರಕ್ತಸ್ರಾವ ಬಂದು ನಿಂತು ಮತ್ತೆ ಬರುವಂಥದ್ದು. ನಿಂತಿತೆಂಬುದು ವಾಸಿಯಾದ ಲಕ್ಷಣವಲ್ಲ. ವಯಸ್ಕರಲ್ಲಿ ಒಂದೇ ಒಂದು ಸಲ ಕಣ್ಣಿಗೆ ಕಾಣುವಂತೆ ರಕ್ತ ಹೋದರೂ ಪರೀಕ್ಷೆ ಆಗಲೇಬೇಕು. ಧೂಮಪಾನ ಮಾಡುವವರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ರಕ್ತ ತೆಳುವಾಗಿಸುವ ಗುಳಿಗೆಯ ಮೇಲೆ ನೆಪ ಹಾಕುವುದೂ ಸರಿಯಲ್ಲ.

ಮಹಿಳೆಯರ ಮೂತ್ರದ್ವಾರದ ನಾಳ ಸುಮಾರು 4 ಸೆಂಟಿಮೀಟರಿನಷ್ಟು ಗಿಡ್ಡವಾಗಿರುವುದರಿಂದ ರೋಗಾಣುಗಳು ಸುಲಭವಾಗಿ ಒಳಸೇರುತ್ತವೆ. ಉರಿಮೂತ್ರ ಅವರಲ್ಲಿ ಹೆಚ್ಚಾಗಿರಲು ಇದು ಮುಖ್ಯ ಕಾರಣ. ಸೋಂಕು ಮರುಕಳಿಸುತ್ತಿದ್ದರೆ ಹಳೆಯ ಚೀಟಿಯ ಔಷಧವನ್ನೇ ಮತ್ತೆ ಕೊಳ್ಳುವ ಬದಲು, ಆಂಟಿಬಯೋಟಿಕ್ ನುಂಗುವ ಮೊದಲು ಮೂತ್ರದಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವುದನ್ನು ಹೆರಿಗೆಯಾದವರ ಹಣೆಬರಹವೆಂದು ಎಷ್ಟೋ ಜನ ಸಹಿಸಿಕೊಂಡಿರುತ್ತಾರೆ. ಮೂತ್ರವನ್ನು ತಡೆಹಿಡಿಯುವಂತೆ ಶ್ರೋಣಿಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ಸರಿಯಾಗಿ ಕಲಿತು, ಪ್ರತಿ ಸಲಕ್ಕೆ ಎಂಟರಂತೆ ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು ಮಾಡಿದರೆ ಹಲವರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳುವುದಿಲ್ಲ.

ಕಲ್ಲಿನ ಬಗ್ಗೆ ಒಂದೇ ಮಾತು: 5 ಮಿಲಿಮೀಟರಿಗಿಂತ ಚಿಕ್ಕವು ಬಹುತೇಕ ತಾವಾಗಿಯೇ ಹೊರಬೀಳುತ್ತವೆ, ಆದರೆ ಕಲ್ಲಿನ ನೋವಿನ ಜೊತೆಗೆ ಚಳಿಜ್ವರ ಬಂದರೆ ಅದು ತುರ್ತು ಪರಿಸ್ಥಿತಿ.

ಇನ್ನು ಪುರುಷರು ಎಲ್ಲಕ್ಕಿಂತ ಹೆಚ್ಚು ಮುಚ್ಚಿಡುವ ವಿಷಯ. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಪೂರವಾದ್ದರಿಂದ, ಕೊಬ್ಬು ಕಟ್ಟುವ ಕಾಯಿಲೆಯ ಪರಿಣಾಮ ಮೊದಲು ನಿಮಿರುವಿಕೆಯ ತೊಂದರೆಯಾಗಿ ಕಾಣಿಸಿಕೊಳ್ಳಬಹುದು. ಆಗ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಬೇಕು. ಎದೆನೋವಿಗೆ ನೈಟ್ರೇಟ್ ಗುಳಿಗೆ ತೆಗೆದುಕೊಳ್ಳುವವರು ನಿಮಿರುವಿಕೆಗೆಂದು ಕೊಡುವ ಸಿಲ್ಡೆನಾಫಿಲ್ ಗುಳಿಗೆ ನುಂಗಿದರೆ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುತ್ತದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಹೀಗಿದ್ದೂ ಹೆಂಡತಿಗೆ ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿಸಿ, ಸರಳವಾದ ವೀರ್ಯಪರೀಕ್ಷೆಯನ್ನು ಕೊನೆಗೆ ಉಳಿಸುವುದು ಅನ್ಯಾಯವೇ ಸರಿ. ಮಾಂಸಖಂಡ ಬೆಳೆಯಲೆಂದು ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನಿನ ಚುಚ್ಚುಮದ್ದು ಪಡೆಯುವವರಲ್ಲಿ ವೀರ್ಯಾಣುಗಳ ಉತ್ಪತ್ತಿ ತಗ್ಗುತ್ತದೆ, ಕೆಲವರಲ್ಲಿ ನಿಂತೇಹೋಗುತ್ತದೆ; ಇದನ್ನು ವೈದ್ಯರಿಂದ ಮುಚ್ಚಿಡಬಾರದು. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಹಿಡಿಯುವುದರಿಂದ, ಚಿಕಿತ್ಸೆಯ ಫಲ ತಿಳಿಯಲು ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸುತ್ತಾರೆ.