ಮಣ್ಣಿಗೆ ಜರಡಿ ಹಿಡೀರಿ

ಕೇಳುಗರಿಗೆಲ್ಲ ನಮಸ್ಕಾರ. ಸೆರಾಮಿಕ್ ಕಲಾವಿದರ ಬದುಕು ಅಂದಕೂಡಲೇ ನಿಮ್ಮ ಕಣ್ಣ ಮುಂದೆ ತಿಗರಿ ಬರುತ್ತದೆ, ಅದರ ಮೇಲೆ ನುಣ್ಣಗೆ ಏಳುವ ಹೂಜಿ ಬರುತ್ತದೆ. ಅದು ದಿನದಲ್ಲಿ ಒಂದು ತಾಸಿನ ಕೆಲಸ. ಉಳಿದ ಹೊತ್ತೆಲ್ಲ ಮಣ್ಣು ನೆನೆಹಾಕೋದು, ಸೋಸೋದು, ನಾದೋದು, ಒಣಗಿಸೋದು, ಉರಿ ಕಾಯೋದು. ಇವುಗಳಲ್ಲಿ ಒಂದರ ಬಗ್ಗೆ ಮಾತ್ರ ಇವತ್ತು ಹೇಳುತ್ತೇನೆ. ಕಲಬುರಗಿ ಸೀಮೆಯಲ್ಲಿ ಮಣ್ಣಿನ ಕೆಲಸಕ್ಕೆ ಇಳಿಯುವವರು ಬೇರೇನು ಮರೆತರೂ ಇದೊಂದನ್ನು ಮರೆಯಬಾರದು. ಮಣ್ಣಿಗೆ ಜರಡಿ ಹಿಡೀರಿ.

ಯಾಕಂತೀರಾ? ಶಹಾಬಾದ್ ಚಪ್ಪಡಿ ಯಾವ ಕಲ್ಲು? ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ನಿಂತದ್ದು ಯಾವುದರ ಮೇಲೆ? ಅದೇ ಸುಣ್ಣದ ಕಲ್ಲಿನ ಮೇಲೆ. ನಮ್ಮ ಎರಿ ಹೊಲ ಅಗೆದರೆ ಜೋಳದ ಕಾಳಿನಷ್ಟು, ಕಡಲೆಯಷ್ಟು ಸುಣ್ಣದ ಹರಳು ಸಿಗುತ್ತವೆ. ಕೆರೆ ಮಣ್ಣಿನಲ್ಲೂ ಇರುತ್ತವೆ. ಹಸಿ ಮಣ್ಣಿನಲ್ಲಿ ಅವು ಏನೂ ಮಾಡುವುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಎತ್ತುಗಳಿಗೆ ಈ ಕಾಟವೇ ಇಲ್ಲ, ಯಾಕಂದರೆ ಅವುಗಳನ್ನು ಯಾರೂ ಸುಡುವುದಿಲ್ಲ.

ಸುಟ್ಟರೆ ಆಟ ಶುರು. ಸುಮಾರು 850 ಡಿಗ್ರಿ ದಾಟಿದಾಗ ಆ ಹರಳು ಸುಟ್ಟ ಸುಣ್ಣವಾಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಹೇಗೆ ಕೊತಕೊತ ಕುದ್ದು ಉಬ್ಬುತ್ತದೆ, ನೀವೇ ನೋಡಿದ್ದೀರಿ. ಬಟ್ಟಲಿನ ಗೋಡೆಯೊಳಗೆ ಸಿಕ್ಕಿಕೊಂಡ ಹರಳಿಗೆ ನೀರು ಹಾಕಬೇಕಾಗಿಲ್ಲ, ಗಾಳಿಯ ತೇವವೇ ಸಾಕು. ಒಲೆಯಿಂದ ತೆಗೆದಾಗ ಬಟ್ಟಲು ಚೆನ್ನಾಗಿಯೇ ಇರುತ್ತದೆ. ನಾಲ್ಕು ದಿನ ಬಿಟ್ಟು, ಹತ್ತು ದಿನ ಬಿಟ್ಟು, ಟಪ್ ಅಂತ ರೂಪಾಯಿ ಅಗಲದ ಚಕ್ಕೆ ಹಾರುತ್ತದೆ. ಹಾರಿದ ಜಾಗದಲ್ಲಿ ಒಂದು ಗುಳಿ, ಗುಳಿಯ ತಳದಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕಿ, ಉಗುರಿನಿಂದ ಕೆರೆದರೆ ಹಿಟ್ಟು. ಅದೇ ಕಳ್ಳ.

ಹೊಸಬರು ಇಲ್ಲಿ ಒಂದು ತಕರಾರು ತರುತ್ತಾರೆ. ಕುಂಬಾರರು ಇದೇ ಮಣ್ಣಿನಲ್ಲಿ ಹರವಿ ಮಾಡುತ್ತಾರೆ, ಪಣತಿ ಮಾಡುತ್ತಾರೆ, ಅವರದು ಸಿಡಿಯುವುದಿಲ್ಲ, ನಮ್ಮದು ಮಾತ್ರ ಸಿಡಿಯುತ್ತದೆ, ನಮಗೆ ಕೆಟ್ಟ ಮಣ್ಣು ಕೊಟ್ಟಿದ್ದಾರೆ ಅಂತ. ಮಣ್ಣು ಕೊಟ್ಟವರನ್ನು ಬೈಯಬೇಡಿ. ಕಟ್ಟಿಗೆ, ಹುಲ್ಲು, ಕುಳ್ಳು ಒಟ್ಟಿದ ಆವಿಗೆಯ ಉರಿ 700, 800 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಹರಳು ಪೂರ್ತಿ ಸುಡುವುದೇ ಇಲ್ಲ. ನೀವು ಕರೆಂಟಿನ ಒಲೆಯಲ್ಲಿ 950ಕ್ಕೆ, 1000ಕ್ಕೆ ಒಯ್ಯುತ್ತೀರಿ. ಉರಿ ನೀವು ಏರಿಸಿದ್ದೀರಿ, ಜರಡಿ ಹಿಡಿಯುವ ಕೆಲಸವೂ ನಿಮ್ಮದೇ.

ಹಿಡಿಯುವ ಕ್ರಮ ಹೇಳುತ್ತೇನೆ, ಬರೆದುಕೊಳ್ಳಿ. ಮಣ್ಣನ್ನು ಮೊದಲು ಬಿಸಿಲಲ್ಲಿ ಕಟಕಟ ಒಣಗಿಸಿ. ಅರೆಹಸಿ ಹೆಂಟೆ ನೀರಿನಲ್ಲಿ ವಾರವಾದರೂ ಕರಗುವುದಿಲ್ಲ, ಪೂರಾ ಒಣಗಿದ್ದು ತಾಸಿನಲ್ಲಿ ತಾನೇ ಉದುರುತ್ತದೆ. ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಮಣ್ಣು. ಎರಡು ದಿನ ಮುಟ್ಟಬೇಡಿ. ಮೂರನೇ ದಿನ ಕಲಕಿ ಮಜ್ಜಿಗೆ ಹದಕ್ಕೆ ತಂದು, ಮೊದಲು ಸೊಳ್ಳೆ ಜಾಳಿಗೆಯಲ್ಲಿ ಸೋಸಿ. ಬೇರು, ಕಡ್ಡಿ, ದಪ್ಪ ಹರಳು ಅಲ್ಲೇ ನಿಲ್ಲುತ್ತವೆ. ಅನಂತರ 60 ನಂಬರಿನ ಜರಡಿ. ಅಂದರೆ ಒಂದು ಇಂಚಿಗೆ 60 ಕಣ್ಣು, ಒಂದೊಂದು ಕಣ್ಣು ಕಾಲು ಮಿಲಿಮೀಟರ್. ಹಿಟ್ಟಿನ ಜರಡಿ ನಡೆಯುತ್ತದಾ ಅಂತ ಕೇಳಬೇಡಿ, ನಡೆಯುವುದಿಲ್ಲ. ಸೋಸಿದ್ದು ಎರಡು ಮೂರು ದಿನ ತಂಗಿದ ಮೇಲೆ ಮೇಲಿನ ತಿಳಿನೀರು ತೆಗೆದು, ರಾಡಿಯನ್ನು ಬಟ್ಟೆ ಹಾಸಿದ ಇಟ್ಟಿಗೆ ಸಾಲಿನ ಮೇಲೆ ಸುರಿಯಿರಿ. ಶಹಾಬಾದ್ ನೆಲದ ಮೇಲೆ ಸುರಿದು ಕಬ್ಬಿಣದ ಪಟ್ಟಿಯಿಂದ ಕೆರೆದು ತೆಗೆಯುವವರಿದ್ದಾರೆ! ಸುಣ್ಣದ ಚೂರು ತೆಗೆಯಲು ಮೂರು ದಿನ ಬೆವರು ಸುರಿಸಿ, ಅದೇ ಸುಣ್ಣದ ಕಲ್ಲಿನ ಚೂರನ್ನು ಮತ್ತೆ ಬೆರೆಸಿದ ಹಾಗಾಯಿತು. ಸುಣ್ಣ ಬಳಿದ ಗೋಡೆಯ ಪಕ್ಕದಲ್ಲೂ ಮಣ್ಣು ಇಡಬೇಡಿ.

ಇಲ್ಲಿ ಫ್ರಾನ್ಸಿನ ಬರ್ನಾರ್ಡ್ ಪಾಲಿಸಿಯ ಕಥೆ ಹೇಳಲೇಬೇಕು. 16ನೇ ಶತಮಾನದ ಮನುಷ್ಯ. ಗಾಜಿಗೆ ಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದ. ಒಂದು ದಿನ ಯಾರೋ ತೋರಿಸಿದ ಮಣ್ಣಿನ ಬಟ್ಟಲು ನೋಡಿದ. ಅದರ ಗ್ಲೇಜು, ಅಂದರೆ ಮೇಲಿನ ಗಾಜಿನಂಥ ಲೇಪ, ಎಷ್ಟು ಚೆಂದ ಇತ್ತೆಂದರೆ ಆವತ್ತಿನಿಂದ ಅದೇ ಹುಚ್ಚು. ಗ್ಲೇಜಿಗೆ ಏನೇನು ಹಾಕುತ್ತಾರೆಂದು ಹೇಳಿಕೊಡುವವರು ಯಾರೂ ಇಲ್ಲ. ಗಡಿಗೆ ಕೊಂಡು ಒಡೆದು, ಚೂರು ಚೂರಿಗೂ ಒಂದೊಂದು ಪುಡಿ ಸವರಿ ಸುಟ್ಟು ನೋಡಿದ. ವರ್ಷಗಟ್ಟಲೆ ನೋಡಿದ. ಒಮ್ಮೆ ಗ್ಲೇಜು ಇನ್ನೇನು ಕರಗಬೇಕು, ಕಟ್ಟಿಗೆ ಮುಗಿಯಿತು. ತೋಟದ ಗೂಟ ಕಿತ್ತು ಹಾಕಿದ, ಸಾಲಲಿಲ್ಲ. ಮನೆಯ ಮೇಜು ಹಾಕಿದ. ನೆಲಕ್ಕೆ ಜಡಿದ ಹಲಗೆಗಳನ್ನೂ ಕಿತ್ತು ಉರಿಗೆ ಹಾಕಿದ. ಊರವರು ಇವನಿಗೆ ತಲೆ ಕೆಟ್ಟಿದೆ ಅಂದರು, ಖೋಟಾ ನಾಣ್ಯ ಮಾಡುತ್ತಾನೆ ಅಂತಲೂ ಅಂದರು.

ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಬೇಕಾದದ್ದು ಇದರ ಮುಂದಿನದು. ಸಾಲ ಮಾಡಿ ಹೊಸ ಒಲೆ ಕಟ್ಟಿದ. ಒಲೆ ತುಂಬ ಸಾಮಾನು ಇಟ್ಟ, ಸಾಲ ಕೊಟ್ಟವರು ಬಾಗಿಲಲ್ಲೇ ಕಾದಿದ್ದರು. ಈ ಸಲ ಗ್ಲೇಜು ಸರಿಯಾಗಿ ಕರಗಿತು. ಆದರೆ ಒಲೆ ಕಟ್ಟಿದ ಗಾರೆಯೊಳಗೆ ಬೆಣಚು ಕಲ್ಲಿನ ಹರಳುಗಳಿದ್ದವು. ಕಾವಿಗೆ ಅವು ಸಿಡಿದು, ಚೂರುಗಳೆಲ್ಲ ಹಾರಿ ಬಂದು ಕರಗಿದ ಗ್ಲೇಜಿಗೆ ಅಂಟಿಕೊಂಡವು. ಪಾತ್ರೆಯ ಮೇಲೆ ಕೈಯಾಡಿಸಿದರೆ ಕ್ಷೌರದ ಕತ್ತಿಯಂತೆ ಕೊಯ್ಯುತ್ತಿದ್ದವು. ಇದ್ದ ಹಾಗೇ ಕೊಡು, ಕಡಿಮೆ ದರಕ್ಕೆ ಕೊಳ್ಳುತ್ತೇವೆ ಅಂದರು ಜನ. ಅವನು ಒಂದನ್ನೂ ಮಾರಲಿಲ್ಲ, ಎಲ್ಲವನ್ನೂ ಒಡೆದು ಹಾಕಿ ಹಾಸಿಗೆ ಹಿಡಿದ. ಮುಂದೆ ಇದೇ ಮನುಷ್ಯನ ಹಾವು, ಮೀನು, ಹಲ್ಲಿ, ಎಲೆಗಳ ತಟ್ಟೆಗಳನ್ನು ಅರಮನೆಯವರು ಮೆಚ್ಚಿದರು, ಆ ಮಾತು ಇರಲಿ. ಗ್ಲೇಜು ಗೆದ್ದಾಗಿತ್ತು, ಉರಿ ಗೆದ್ದಾಗಿತ್ತು. ಕೆಡಿಸಿದ್ದು ಗಾರೆಯೊಳಗಿನ ಹರಳು. ಗಾರೆಗೂ ಜರಡಿ ಹಿಡೀರಿ!

ಹೊತ್ತು ಹತ್ತಿರ ಬಂತು. ಗ್ಲೇಜಿನ ಬಗ್ಗೆ ಇಷ್ಟೇ: ಊಟದ ಸಾಮಾನಿಗೆ ಸೀಸದ ಗ್ಲೇಜು ಬೇಡ. ಒಲೆಯನ್ನು 600 ಡಿಗ್ರಿ ತನಕ ತಾಸಿಗೆ ನೂರರಂತೆ ಏರಿಸಿ, ಮೊದಲ ನೂರಂತೂ ಇನ್ನೂ ನಿಧಾನ, ಹಸಿ ಸಾಮಾನು ಹಬೆಗೆ ಒಡೆಯುತ್ತದೆ. ಎರಿ ಮಣ್ಣೊಂದರಲ್ಲೇ ಮಾಡಬೇಡಿ, ಬೇಸಿಗೆ ಹೊಲದಂತೆ ಬಿರಿಯುತ್ತದೆ. ಬೀದರಿನಲ್ಲಿ 1472ರ ಮಹಮೂದ್ ಗವಾನ್ ಮದರಸಾದ ಮಿನಾರಿನ ಮೇಲೆ ಉಳಿದಿರುವ ಅಂಕುಡೊಂಕು ಬಣ್ಣದ ಹೆಂಚುಗಳನ್ನು ಒಮ್ಮೆ ಹತ್ತಿರ ಹೋಗಿ ನೋಡಿ, ಇದಕ್ಕಿಂತ ಹೆಚ್ಚು ಹೇಳಲು ಪುರಸೊತ್ತಿಲ್ಲ.

ಸುಣ್ಣ ಇದೆಯೋ ಇಲ್ಲವೋ ತಿಳಿಯಲು ಒಣ ಮಣ್ಣಿನ ಮೇಲೆ ವಿನೆಗರ್ ಹನಿಸಿ. ನೊರೆ ಎದ್ದರೆ ಇದೆ. ನೊರೆ ಎದ್ದಿತೆಂದು ಮಣ್ಣು ಚೆಲ್ಲಬೇಡಿ. ನುಣ್ಣನೆ ಪುಡಿಯಾಗಿ ಬೆರೆತ ಸುಣ್ಣ ತೊಂದರೆ ಕೊಡುವುದಿಲ್ಲ, ಹರಳು ಕೊಡುತ್ತದೆ. ಅಂಗೈಯಗಲದ ಬಿಲ್ಲೆ ಒಂದು ಮಾಡಿ 950ಕ್ಕೆ ಸುಟ್ಟು, ಇಡ್ಲಿ ಪಾತ್ರೆಯ ಹಬೆಯಲ್ಲಿ ಅರ್ಧ ತಾಸು ಇಡಿ. ಹತ್ತು ದಿನದಲ್ಲಿ ಸಿಡಿಯುವುದು ಅಲ್ಲೇ ಸಿಡಿಯುತ್ತದೆ. ಸಿಡಿದರೆ 80 ನಂಬರಿನ ಜರಡಿ ತಂದು ಇನ್ನೊಮ್ಮೆ ಸೋಸಿ. ಈಗಾಗಲೇ ಸುಟ್ಟು ಕೂತಿದ್ದೀರಾ? ಒಲೆಯಿಂದ ತೆಗೆದ ಸಾಮಾನನ್ನು ಉಗುರು ಬೆಚ್ಚಗಿರುವಾಗಲೇ ನೀರಿನಲ್ಲಿ ಒಂದು ತಾಸು ಮುಳುಗಿಸಿಡಿ, ಸಣ್ಣ ಹರಳಾದರೆ ಮೆತ್ತಗಾಗಿ ಸುಮ್ಮನಾಗುತ್ತದೆ. ದೊಡ್ಡದಾದರೆ ಆ ಬಕೆಟ್ಟಿನಲ್ಲೇ ಟಪ್ ಅನ್ನುತ್ತದೆ, ಗಿರಾಕಿಯ ಮನೆಯಲ್ಲಿ ಅಲ್ಲ. ನಮಸ್ಕಾರ.