ಕಲ್ಲಿನಲ್ಲಿ ದಿಕ್ಕು, ದಿಕ್ಕಿಲ್ಲದ ಗಾರ್ನೆಟ್

ಕೇಳುಗರಿಗೆ ನಮಸ್ಕಾರ. ಒಂದು ಖನಿಜ ಎಷ್ಟು ಗಟ್ಟಿ ಎಂದು ಯಾರಾದರೂ ಕೇಳಿದಾಗಲೆಲ್ಲ ನಾನು ಮರುಪ್ರಶ್ನೆ ಹಾಕುತ್ತೇನೆ: ಯಾವ ದಿಕ್ಕಿನಲ್ಲಿ? ಕಟ್ಟಿಗೆಯನ್ನು ಎಳೆಯ ಗುಂಟ ಸೀಳುವುದು ಸುಲಭ, ಅಡ್ಡಲಾಗಿ ಕಡಿಯುವುದು ಕಷ್ಟವೆಂದರೆ ಎಲ್ಲರೂ ಒಪ್ಪುತ್ತಾರೆ. ಕಲ್ಲಿಗೂ ಆ ಸ್ವಭಾವ ಉಂಟೆಂದರೆ ಮಾತ್ರ ಹುಬ್ಬೇರಿಸುತ್ತಾರೆ. ನೀಲಿ ಪಟ್ಟಿಯಂತೆ ಬೆಳೆಯುವ ಕಯನೈಟ್ ಹರಳಿನ ಮೇಲೆ ಉಕ್ಕಿನ ಚಾಕುವಿನ ಮೊನೆಯನ್ನು ಉದ್ದಕ್ಕೆ ಎಳೆಯಿರಿ, ಗೀರು ಮೂಡುತ್ತದೆ. ಅಡ್ಡಕ್ಕೆ ಎಳೆಯಿರಿ, ಚಾಕು ಸುಮ್ಮನೆ ಜಾರುತ್ತದೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಉದ್ದಕ್ಕೆ ಸುಮಾರು 5, ಅಡ್ಡಕ್ಕೆ ಸುಮಾರು 7. ಹರಳು ಒಂದೇ, ಉತ್ತರ ಎರಡು.

ಬೆಳಕಿಗೂ ಇದೇ ಮಾತು. 1669ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಎರಾಸ್ಮಸ್ ಬಾರ್ಥೊಲಿನ್ ವರ್ಣಿಸಿದಂತೆ, ಕ್ಯಾಲ್ಸೈಟ್ ಹರಳಿನ ಮೂಲಕ ನೋಡಿದ ವಸ್ತು ಎರಡಾಗಿ ಕಾಣುತ್ತದೆ. ಆ ಹರಳಿನೊಳಗೆ ಬೆಳಕು ಎರಡಾಗಿ ಒಡೆದು, ದಿಕ್ಕಿಗೆ ತಕ್ಕಂತೆ ಬೇರೆ ಬೇರೆ ವೇಗದಲ್ಲಿ ಸಾಗುತ್ತದೆ.

ನಾನು ವಿದ್ಯಾರ್ಥಿಯಾಗಿದ್ದಾಗ, 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿದ ರೂಪಾಂತರ ಶಿಲೆಯ (ಶಾಖ, ಒತ್ತಡಗಳಿಂದ ರೂಪ ಬದಲಿಸಿದ ಕಲ್ಲಿನ) ಪದರವೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಎರಡು ಧ್ರುವಕಗಳನ್ನು ಒಂದಕ್ಕೊಂದು ಅಡ್ಡಲಾಗಿರಿಸಿ ನೋಡುತ್ತಿದ್ದೆ. ಅಭ್ರಕದ ಹರಳುಗಳು ಹಸಿರು, ಗುಲಾಬಿ ಬಣ್ಣಗಳಲ್ಲಿ ಬೆಳಗುತ್ತಿದ್ದವು. ಪದರವನ್ನಿಟ್ಟ ಪೀಠವನ್ನು ತಿರುಗಿಸಿದಂತೆಲ್ಲ ಒಂದೊಂದೇ ಆರಿ ಮತ್ತೆ ಹೊತ್ತಿಕೊಳ್ಳುತ್ತಿದ್ದವು. ನಡುವೆ ಆರು ಮೂಲೆಯ ಕಪ್ಪು ಜಾಗವೊಂದಿತ್ತು. ಪೂರ್ತಿ 360 ಡಿಗ್ರಿ ತಿರುಗಿಸಿದರೂ ಅದು ಕಪ್ಪಾಗಿಯೇ ಉಳಿಯಿತು. ಉಜ್ಜುವಾಗ ಕಲ್ಲು ಉದುರಿರಬೇಕೆಂದುಕೊಂಡು ನನ್ನ ಚಿತ್ರದಲ್ಲಿ ಬಾಣದ ಗುರುತು ಹಾಕಿ, ದಪ್ಪಕ್ಷರದಲ್ಲಿ 'ತೂತು' ಎಂದು ಬರೆದೆ. ನಮ್ಮ ಗುರುಗಳು ಅದನ್ನು ಓದಿ, ಏನೂ ಹೇಳದೆ, ಮೇಲಿನ ಧ್ರುವಕವನ್ನು ಹೊರಗೆಳೆದರು. ನನ್ನ ತೂತಿನೊಳಗೆ ದಪ್ಪ ಅಂಚಿನ, ಬಿರುಕು ತುಂಬಿದ ತಿಳಿಗುಲಾಬಿ ಹರಳೊಂದು ಎದ್ದು ನಿಂತಿತು. ಅದೇ ಗಾರ್ನೆಟ್.

ಗಾರ್ನೆಟ್ ಘನಾಕೃತಿ ವರ್ಗದ ಹರಳು. ಪರಸ್ಪರ ಲಂಬವಾದ ಅದರ ಮೂರು ಅಕ್ಷಗಳೂ ಸರಿಸಮವಾದ್ದರಿಂದ ಬೆಳಕು ಎತ್ತ ಹೋದರೂ ಒಂದೇ ವೇಗದಲ್ಲಿ ಹೋಗುತ್ತದೆ, ಎರಡಾಗಿ ಒಡೆಯುವುದಿಲ್ಲ, ಆದ್ದರಿಂದಲೇ ಅಡ್ಡ ಧ್ರುವಕವನ್ನು ದಾಟಿ ಬರುವುದಿಲ್ಲ. ಅಭ್ರಕದಂತೆ ಅದು ಹಾಳೆಹಾಳೆಯಾಗಿ ಬಿಡಿಸಿಕೊಳ್ಳುವುದೂ ಇಲ್ಲ. ಇಷ್ಟಾದರೂ ವಿದ್ಯಾರ್ಥಿಗಳು ಬಣ್ಣ ನೋಡಿ ಹೆಸರು ಹೇಳಲು ಹೊರಡುತ್ತಾರೆ. ದಯವಿಟ್ಟು ಮೊದಲು ಪೀಠ ತಿರುಗಿಸಿ, ದಿಕ್ಕು ಕೇಳಿ.

ಶಿಲೆಗಳ ವಿಚಾರವನ್ನು ವಿಸ್ತರಿಸಲು ಸಮಯವಿಲ್ಲ; ತೂತಿನ ಕಥೆಯೇ ಅದನ್ನು ನುಂಗಿತು. ಒಂದನ್ನು ಮಾತ್ರ ಹೇಳಿಬಿಡುತ್ತೇನೆ. ಒತ್ತಡಕ್ಕೆ ಸಿಕ್ಕ ಶಿಲೆಯಲ್ಲಿ ಅಭ್ರಕವೆಲ್ಲ ಒಂದೇ ದಿಕ್ಕಿಗೆ ಮಲಗುತ್ತದೆ. ಅಲ್ಲಿ ಬೆಳೆಯುವ ಗಾರ್ನೆಟ್ ಸುತ್ತಲಿನ ಸಣ್ಣ ಕಣಗಳನ್ನು ಸಾಲುಸಾಲಾಗಿ ಒಳಗೆ ಸೇರಿಸಿಕೊಳ್ಳುತ್ತದೆ. ಆಮೇಲೆ ಶಿಲೆ ಬೇರೆ ದಿಕ್ಕಿಗೆ ಮಡಚಿದರೂ ಆ ಸಾಲುಗಳು ಹರಳಿನೊಳಗೆ ಹಾಗೆಯೇ ಉಳಿದಿರುತ್ತವೆ: ಹೊರಗೆ ಹೊಸ ದಿಕ್ಕು, ಒಳಗೆ ಹಳೆಯದು.